ತೀರಿಕೊಂಡವರ ಬಾಯಲ್ಲಿ ನಮ್ಮ ಮಾತು



ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಸೂರಃ ಹುಜುರಾತ್ ಕಲಿಸುತ್ತದೆ. ಎಐ ವೀಡಿಯೊಗಳ ಮಾತು ಬಂದಾಗಲೆಲ್ಲ ನಾವು ಇದನ್ನು ನೆನಪಿಸುತ್ತೇವೆ. ಇಂದು ಹೇಳಬೇಕಾದದ್ದು ಬೇರೆ. ಸುಳ್ಳೆಂದು ಗೊತ್ತಿದ್ದೂ ನಾವು ಬಯಸಿ ನೋಡುವ ವೀಡಿಯೊಗಳ ವಿಷಯ.

2025ರ ಸೆಪ್ಟೆಂಬರ್ 30ರಂದು ಓಪನ್‌ಎಐ ಕಂಪನಿ ಅಮೆರಿಕ, ಕೆನಡಾಗಳಲ್ಲಿ ಸೋರಾ ಎಂಬ ಆ್ಯಪ್ ಬಿಟ್ಟಿತು. ಬೇಕಾದದ್ದನ್ನು ಬರೆದುಕೊಟ್ಟರೆ ಸಾಕಿತ್ತು, ಧ್ವನಿಸಹಿತ ವೀಡಿಯೊ ತಯಾರಾಗುತ್ತಿತ್ತು. ಆಹ್ವಾನ ಇದ್ದವರಿಗಷ್ಟೇ ಪ್ರವೇಶವಿದ್ದರೂ ಐದು ದಿನ ತುಂಬುವ ಮೊದಲೇ ಹತ್ತು ಲಕ್ಷ ಡೌನ್‌ಲೋಡ್ ಆಯಿತು. ಬದುಕಿರುವವರ ಮುಖ ಬಳಸಲು ಅವರ ಒಪ್ಪಿಗೆ ಬೇಕೆಂಬ ನಿಯಮವಿತ್ತು. ತೀರಿಹೋದ ಪ್ರಸಿದ್ಧರನ್ನು ಕೇಳುವವರು ಯಾರು? 1968ರಲ್ಲಿ ಹತ್ಯೆಯಾದ ಮಾರ್ಟಿನ್ ಲೂಥರ್ ಕಿಂಗ್‌ರನ್ನು ಅವಹೇಳನ ಮಾಡುವ ವೀಡಿಯೊಗಳು ಹರಿದಾಡಿದವು. ಅವರ ಕಡೆಯವರು ಕೇಳಿಕೊಂಡ ಮೇಲೆ ಅಕ್ಟೋಬರ್‌ನಲ್ಲಿ ಕಂಪನಿ ಅದನ್ನು ತಡೆಹಿಡಿಯಿತು. ಅದೇ ತಿಂಗಳು ನಟ ರಾಬಿನ್ ವಿಲಿಯಮ್ಸ್‌ರ ಮಗಳು, ತಂದೆಯ ಎಐ ವೀಡಿಯೊಗಳನ್ನು ತನಗೆ ಕಳಿಸಬೇಡಿರೆಂದು ಜನರನ್ನು ಬೇಡಿಕೊಳ್ಳಬೇಕಾಯಿತು. ಮೃತರನ್ನು ನಿಂದಿಸಬಾರದೆಂದು ಪ್ರವಾದಿ(ಸ)ರವರು ತಡೆದಿರುವುದು ಬುಖಾರಿಯಲ್ಲಿದೆ.

ಅದು ಅಮೆರಿಕದ ಸಂಗತಿ ಎಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಮನೆಗಳಿಗೆ ಇದು ಪ್ರೀತಿಯ ವೇಷದಲ್ಲಿ ಬರುತ್ತಿದೆ. ಇತ್ತೀಚೆಗೆ ಯುವಕನೊಬ್ಬ ಕೇಳಿದ: "ಉಸ್ತಾದ್, ಉಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ತಂಗಿಯ ನಿಕಾಹ್‌ಗೆ ಅವರೇ ಸಲಾಂ ಹೇಳಿ ದುಆ ಮಾಡುವ ಹಾಗೆ ವೀಡಿಯೊ ಮಾಡಿಸಬಹುದಾ? ಉಮ್ಮನಿಗೆ ಸಮಾಧಾನ ಆಗುತ್ತೆ."

ಅವನ ಪ್ರೀತಿಯ ಬಗ್ಗೆ ನಮಗೆ ಸಂಶಯವಿಲ್ಲ. ಆದರೂ ಬೇಡವೆಂದೆವು. ಆ ಮಾತನ್ನು ಉಪ್ಪ ಆಡಿಲ್ಲ. ಇಂದು ಅವರ ಬಾಯಲ್ಲಿ ದುಆ ಮಾಡಿಸಿದವರು, ನಾಳೆ ಪಾಲು ಹಂಚುವಾಗ 'ಮನೆ ಹಿರಿಮಗನಿಗೆ' ಎಂದೂ ಹೇಳಿಸಬಹುದು. ಮನುಷ್ಯ ಸತ್ತಾಗ ಅವನ ಕರ್ಮಗಳು ನಿಂತುಹೋಗುತ್ತವೆ. ಉಳಿಯುವುದು ನಿರಂತರ ದಾನ, ಉಪಯುಕ್ತ ಜ್ಞಾನ ಮತ್ತು ಅವನಿಗಾಗಿ ಪ್ರಾರ್ಥಿಸುವ ಸಜ್ಜನ ಸಂತಾನ. ಇದು ಸಹೀಹ್ ಮುಸ್ಲಿಮ್‌ನ ಹದೀಸ್‌ನ ಸಾರ. ದುಆ ಬೇಕಾಗಿರುವುದು ಉಪ್ಪನಿಗೆ. ನಾವೋ ಅವರಿಂದಲೇ ಮಾಡಿಸಲು ಹೊರಟಿದ್ದೇವೆ!

ಇಂಥ ವೀಡಿಯೊಗಳು ಇನ್ನು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ನಮ್ಮ ಬೆರಳು ಯಾವುದರ ಮೇಲೆ ನಿಂತಿತೋ ಅದನ್ನೇ ಫೋನ್ ಮತ್ತೆ ಮತ್ತೆ ಬಡಿಸುತ್ತದೆ. ಕಂಪನಿಗೆ ಗೊತ್ತಿರುವುದು ನಮ್ಮ ಹಸಿವು ಮಾತ್ರ. ಕಿವಿ, ಕಣ್ಣು, ಹೃದಯಗಳ ವಿಚಾರಣೆಯಾಗುವುದೆಂದು ಸೂರಃ ಇಸ್ರಾ ಎಚ್ಚರಿಸಿರುವುದು ನಮ್ಮನ್ನು.

ಉಪ್ಪ ನಿಜವಾಗಿ ಕಳಿಸಿದ ವಾಯ್ಸ್ ಮೆಸೇಜ್ ಫೋನ್‌ನಲ್ಲಿದ್ದರೆ, ಬರುವಾಗ ಮೀನು ತಾ ಎಂಬಂಥದ್ದಾದರೂ ಸರಿ, ಅದನ್ನು ಜೋಪಾನವಾಗಿಡಿ, ಉಮ್ಮನಿಗೆ ಕೇಳಿಸಿ. ನಿಕಾಹ್ ನಡೆಸಿಕೊಡುವವರಿಗೆ ಉಪ್ಪನ ಹೆಸರನ್ನು ಮೊದಲೇ ತಿಳಿಸಿ. ದುಆದ ವೇಳೆ ಇಡೀ ಸಭೆ ಅವರಿಗಾಗಿ ಆಮೀನ್ ಹೇಳುತ್ತದೆ.