ಬರದ ಗುಡ್ಡದ ಜಲಪಾತ: ಎಷ್ಟು ದಿನ ಹರಿಯಿತು?



ಮಳೆಗಾಲ ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಎಷ್ಟೋ ಕುಟುಂಬಗಳು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಕಪ್ಪತಗುಡ್ಡಕ್ಕೆ ಹೊರಡುತ್ತವೆ. ಕಪ್ಪತಮಲ್ಲೇಶ್ವರನ ದರ್ಶನ, ಗಾಳಿಗುಂಡಿ ಬಸವಣ್ಣನ ನೆತ್ತಿಯಿಂದ ಕಾಣುವ ಬಯಲು, ದಾರಿಯಲ್ಲಿ ಅದೃಷ್ಟವಿದ್ದರೆ ಹಳ್ಳವೊಂದರ ಜಲಪಾತ, ಇಷ್ಟು ಅವರ ಬಯಕೆ. ಮಕ್ಕಳು ಗುಡ್ಡವನ್ನು ನಡೆದು ನೋಡುವುದು ಸಂತೋಷದ ಸಂಗತಿಯೇ. ಆದರೆ ಹೋದವರು ಒಂದು ಲೆಕ್ಕವನ್ನು ಜೊತೆಗೆ ತರಬೇಕೆಂದು ಕೇಳಿಕೊಳ್ಳಲು ನಾನಿಂದು ಇಲ್ಲಿ ನಿಂತಿದ್ದೇನೆ. ಮಳೆ ನಿಂತ ಮೇಲೆ ಆ ಹಳ್ಳ ಎಷ್ಟು ದಿನ ಹರಿಯಿತು?

ನಮ್ಮದು ಬರದ ಸೀಮೆ. ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಕೆಲವೇ ಜೋರು ಮಳೆಗಳಲ್ಲಿ ಬಂದುಹೋಗುತ್ತದೆ. ಒಂದು ಎಕರೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ನೀರು. ಕಪ್ಪತಗುಡ್ಡ ವನ್ಯಜೀವಿಧಾಮದ ವಿಸ್ತೀರ್ಣ ಸುಮಾರು 244 ಚದರ ಕಿಲೋಮೀಟರ್. ಅಷ್ಟರ ಮೇಲೂ ಅದೇ ಮಳೆ ಬಿದ್ದರೆ ಸುಮಾರು 1,220 ಕೋಟಿ ಲೀಟರ್! ಈ ನೀರಿಗೆ ಎರಡು ದಾರಿಗಳಿವೆ. ಇಳಿಜಾರಿನಲ್ಲಿ ಹುಲ್ಲು, ಬಂದರಿಕೆಯ ಪೊದೆ, ಉದುರಿದ ತರಗೆಲೆ ಇದ್ದರೆ ಹನಿಯ ಪೆಟ್ಟನ್ನು ಅವು ತಾಳಿಕೊಳ್ಳುತ್ತವೆ. ನೀರು ಬೇರಿನ ಗುಂಟ ಮಣ್ಣಿಗೆ, ಮಣ್ಣಿನಿಂದ ಬಂಡೆಯ ಸೀಳುಗಳಿಗೆ ಇಳಿದು, ಕೆಳಗೆ ಒರತೆಯಾಗಿ ದಿನಗಟ್ಟಲೆ ಒಸರುತ್ತದೆ. ಸುಟ್ಟು ಬೋಳಾದ ಇಳಿಜಾರಿನಲ್ಲಿ ಹನಿ ನೇರವಾಗಿ ಮಣ್ಣಿಗೆ ಬಡಿಯುತ್ತದೆ. ಮೇಲ್ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಕೆಂಪಾಗಿ ಒಮ್ಮೆಲೇ ಧುಮುಕಿ ಹೋಗುತ್ತದೆ. ನೋಡುವ ಕಣ್ಣಿಗೆ ಈ ಎರಡನೆಯ ಜಲಪಾತವೇ ಭಾರಿಯಾಗಿ ಕಾಣುತ್ತದೆ. ಕೆಳಗಿನ ಹೊಲದ ಬಾವಿಗೆ ಮಾತ್ರ ಅದರಿಂದ ದಕ್ಕುವುದು ಅತ್ಯಲ್ಪ.

ಹಿಂದಿನ ಒಂದು ವರ್ಷ ಉತ್ತರೆ ಮಳೆ ನಿಂತ ಐದನೆಯ ದಿನ ನಾನು ಮನೆಯವರನ್ನೂ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ವನ್ಯಜೀವಿಧಾಮದೊಳಗೆ ರಾತ್ರಿ ತಂಗುವುದು ಸಲ್ಲದೆಂದು, ಬುಡದ ಊರಿನ ಪರಿಚಿತ ರೈತರೊಬ್ಬರ ಹೊಲದಲ್ಲಿ, ಹಳ್ಳದಿಂದ ದೂರದ ಎತ್ತರದ ಜಾಗದಲ್ಲಿ ಡೇರೆ ಹಾಕಿದೆವು. ಮರುದಿನ ಅನುಮತಿ ಪಡೆದು ಗುಡ್ಡ ಏರಿದಾಗ ಹಳ್ಳದ ಎರಡು ಕವಲುಗಳು ಕೂಡುವ ಜಾಗ ಸಿಕ್ಕಿತು. ಒಂದರಲ್ಲಿ ತಿಳಿನೀರು ಬಂಡೆಯಿಂದ ಬಂಡೆಗೆ ಜಾರುತ್ತಿತ್ತು. ಇನ್ನೊಂದರಲ್ಲಿ ಒಣ ಮರಳು. "ಅಪ್ಪಾ, ಎರಡಕ್ಕೂ ಬಿದ್ದದ್ದು ಒಂದ ಮಳಿ ಅಲ್ಲೇನು? ಇದ್ಯಾಕ ಒಣಗೇತಿ?" ಎಂದು ಮಗಳು ಕೇಳಿದಳು. ಎರಡೂ ಕವಲುಗಳ ಗುಂಟ ಮೇಲೇರಿ ನೋಡಿದೆವು. ಒಣಗಿದ ಕವಲಿನ ಮೇಲಿನ ಇಳಿಜಾರಿನಲ್ಲಿ ಬೇಸಿಗೆಯ ಬೆಂಕಿಗೆ ಕರಿಕಾದ ಪೊದೆಗಳ ಮೋಟುಗಳಿದ್ದವು. ಹರಿಯುವ ಕವಲಿನ ಮೇಲೆ ಮೊಣಕಾಲೆತ್ತರದ ಹುಲ್ಲಿತ್ತು. ಅವಳಿಗೆ ಬೇರೆ ಪಾಠ ಬೇಕಾಗಲಿಲ್ಲ.

ಬರದ ಸೀಮೆಯ ಜಲಪಾತವೆಂದಾಗ ಅಮೆರಿಕದ ಅರಿಝೋನಾ ರಾಜ್ಯದ ಹವಾಸು ಜಲಪಾತವನ್ನು ನೆನೆಯಬೇಕು. ಗ್ರ್ಯಾಂಡ್ ಕ್ಯಾನಿಯನ್‌ನ ಉಪಕಣಿವೆಯೊಂದರಲ್ಲಿ, ಮರುಭೂಮಿಯಂಥ ಒಣನೆಲದ ನಡುವೆ, ಸುಮಾರು 30 ಮೀಟರ್ ಎತ್ತರದಿಂದ ನೀಲಿ-ಹಸಿರು ನೀರು ವರ್ಷವಿಡೀ ಧುಮುಕುತ್ತದೆ. ಆ ಕಣಿವೆಯ ಮಳೆ ನಮ್ಮ ಮಳೆಯ ಅರ್ಧದಷ್ಟೂ ಇಲ್ಲ. ಮೇಲಿನ ವಿಶಾಲ ಪ್ರಸ್ಥಭೂಮಿಯಲ್ಲಿ ಇಂಗಿದ ನೀರು ಸುಣ್ಣಕಲ್ಲಿನ ಪದರಗಳ ಮೂಲಕ ಒರತೆಯಾಗಿ ಬರುವುದೇ ಅದರ ಗುಟ್ಟು. ಅಲ್ಲಿಯ ಮೂಲನಿವಾಸಿಗಳಾದ ಹವಸುಪಾಯ್ ಜನರ ಹೆಸರಿನ ಅರ್ಥವೇ 'ನೀಲಿ-ಹಸಿರು ನೀರಿನ ಜನ' ಎಂದು. ಅವರ ಊರಾದ ಸುಪಾಯ್‌ಗೆ ವಾಹನದ ರಸ್ತೆಯಿಲ್ಲ. ಅಂಚೆ ಇಂದಿಗೂ ಹೇಸರಗತ್ತೆಗಳ ಬೆನ್ನ ಮೇಲೆ ಇಳಿಯುತ್ತದೆ. ಕುಟುಂಬಗಳು ಸುಮಾರು 16 ಕಿಲೋಮೀಟರ್ ನಡೆದು ಹೋಗಿ ಡೇರೆ ಹಾಕಿ ತಂಗುತ್ತವೆ. ಯಾರು, ಎಷ್ಟು ಜನ ಬರಬೇಕೆಂಬುದನ್ನು ಆ ಊರಿನ ಜನರೇ ನಿರ್ಧರಿಸುತ್ತಾರೆ. ಅಲ್ಲಿ ಬೆಂಕಿ ಹಚ್ಚುವಂತಿಲ್ಲ, ಮದ್ಯ ತರುವಂತಿಲ್ಲ. ದೂರದ ಮಳೆಯೂ ಕಣಿವೆಗೆ ಅಪಾಯ ತರಬಲ್ಲದು: 2008ರ ಆಗಸ್ಟ್ ಹಾಗೂ 2024ರ ಆಗಸ್ಟ್‌ನ ದಿಢೀರ್ ಪ್ರವಾಹಗಳಲ್ಲಿ ಪ್ರವಾಸಿಗರನ್ನು ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ಪ್ರಸ್ಥಭೂಮಿಯ ಯುರೇನಿಯಂ ಗಣಿಯಿಂದ ತಮ್ಮ ಅಂತರ್ಜಲ ಕೆಟ್ಟೀತೆಂದು ಆ ಜನ ದಶಕಗಳಿಂದ ವಿರೋಧಿಸುತ್ತ ಬಂದಿದ್ದಾರೆ.

ಈ ಕಥೆ ನಮಗೆ ಅಪರಿಚಿತವಲ್ಲ. ಚಿನ್ನ, ಕಬ್ಬಿಣ, ಮ್ಯಾಂಗನೀಸ್‌ಗಳ ಕಾರಣದಿಂದ ಕಪ್ಪತಗುಡ್ಡದ ಮೇಲೆ ಬಹುಕಾಲದಿಂದ ಕಣ್ಣು ಬಿದ್ದಿದೆ. 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿದ್ದನ್ನು ಸರ್ಕಾರ 2016ರಲ್ಲಿ ಹಿಂತೆಗೆದುಕೊಂಡಿತು. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ಮಠಾಧೀಶರು, ರೈತರು, ವಿದ್ಯಾರ್ಥಿಗಳು ಧರಣಿ ಕುಳಿತರು. ಅದೇ ವರ್ಷ ಆ ಸ್ಥಾನಮಾನ ಮರಳಿ ಬಂತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಚಿರತೆಗಳಿಗೆ ಅಷ್ಟರಮಟ್ಟಿಗೆ ಕಾನೂನಿನ ಆಸರೆ ದೊರೆಯಿತು. ಆದರೆ ಬೇಸಿಗೆಯಲ್ಲಿ ಎಸೆದ ಒಂದು ಬೀಡಿಯ ತುಂಡನ್ನು ಅಧಿಸೂಚನೆ ತಡೆಯಲಾರದು. ಅದನ್ನು ತಡೆಯಬೇಕಾದವರು ನಾವು.

ಆದ್ದರಿಂದ ನನ್ನ ವಿನಂತಿ ಇಷ್ಟು. ಕುಟುಂಬಸಮೇತ ಹೋಗುವವರು ಅರಣ್ಯ ಇಲಾಖೆಯ ಅನುಮತಿ ಕೇಳಿ, ಕಾಲುದಾರಿ ಬಿಡದೆ ನಡೆಯಿರಿ. ಒಲೆ ಹೂಡಬೇಡಿ, ಬುತ್ತಿಯೇ ಸಾಕು. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಮೇಲ್ಗಡೆ ಮೋಡ ಕವಿದಿದ್ದರೆ ಹಳ್ಳದ ಪಾತ್ರಕ್ಕೆ ಮಕ್ಕಳನ್ನು ಇಳಿಸಬೇಡಿ.

ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸ. ನೇರ ಬದಿಯ, ಸಮತಟ್ಟಾದ ತಳದ ಒಂದು ಡಬ್ಬಿಯನ್ನು ಶಾಲೆಯ ಬಯಲಿನಲ್ಲಿಡಿ. ದಿನವೂ ಒಂದೇ ಹೊತ್ತಿಗೆ ಅದರಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ಅಳೆದು ಚೆಲ್ಲಿ. ನಿಮ್ಮೂರಿನ ಹಳ್ಳ ಯಾವ ದಿನ ಹರಿಯತೊಡಗಿತು, ಯಾವ ದಿನ ನಿಂತಿತು, ನೀರು ಕೆಂಪೋ ತಿಳಿಯೋ ಎಂಬುದನ್ನು ಊರಿನ ಬಳಿಯ ದಂಡೆಯಿಂದಲೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹಲವು ವರ್ಷ ಹೀಗೆ ಬರೆದರೆ ಗುಡ್ಡ ಚೇತರಿಸಿಕೊಳ್ಳುತ್ತಿದೆಯೋ ಸೊರಗುತ್ತಿದೆಯೋ ಎಂಬುದು ತಿಳಿಯುತ್ತದೆ. ನಾಳೆ ಗ್ರಾಮಸಭೆಯಲ್ಲಿ ಗುಡ್ಡದ ಮಾತು ಬಂದಾಗ ಆ ನೋಟ್‌ಬುಕ್ಕನ್ನು ಮುಂದಿಡಿ. ಈ ಹಸ್ತ ಮಳೆಯಿಂದಲೇ ಆರಂಭಿಸಬಹುದು. ಲೆಕ್ಕ ಹೊಂದಿಸಲು ನೆರವು ಬೇಕಾದವರ ಜೊತೆ ನಾನೂ ಕೂರುತ್ತೇನೆ.