ಆರು ಸಾವಿರದೊಳಗೆ ಒಂದು ಒಳ್ಳೇ ಉಕುಲೆಲೆ: ಅಹಮದಾಬಾದ್, ವಡೋದರಾ, ಸೂರತ್ ಸುತ್ತಿದ ಮೇಲೆ

ನಾನು ಅಹಮದಾಬಾದ್‌ನಲ್ಲಿರೋ ಸಾಫ್ಟ್‌ವೇರ್ ಇಂಜಿನಿಯರ್, ಸಂಗೀತದ ವಿದ್ವಾಂಸ ಅಲ್ಲ. ಎಂ.ಟೆಕ್‌ನಲ್ಲಿ ಸಿಗ್ನಲ್ ಪ್ರೊಸೆಸಿಂಗ್ ಓದಿದ್ದು ಇವತ್ತಿನ ಮಾತಿಗೆ ಸ್ವಲ್ಪ ಉಪಯೋಗಕ್ಕೆ ಬರತ್ತೆ, ಅಷ್ಟೇ. ವಿಷಯ ಚಿಕ್ಕದು. ಸೊಪ್ರಾನೊ ಉಕುಲೆಲೆ, ನಾಲ್ಕು ತಂತಿ, 21 ಇಂಚು ಉದ್ದ. ಆರು ಸಾವಿರ ರೂಪಾಯಿ ಒಳಗೆ ಒಳ್ಳೇದನ್ನ ಆರಿಸೋದು ಹೇಗೆ ಅಂತ.

ಇದರ ಬಗ್ಗೆ ಮಾತಾಡೋಕೆ ಕಾರಣ ನಮ್ಮ ಮಗಳು. ಎಂಟು ವರ್ಷ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ. ಕೆಳಗೆ ಸೊಸೈಟಿಯಲ್ಲಿ ಆಟ ಪೂರ್ತಿ ಗುಜರಾತಿ. ನಾವು ಕನ್ನಡದಲ್ಲಿ ಕೇಳಿದ್ರೆ ಉತ್ತರ ಹಿಂದಿಯಲ್ಲಿ ಬರತ್ತೆ. ನಿಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿರೋ ಕಥೆನೇ. ಅವಳು ತಾನಾಗಿ ಕನ್ನಡ ಆಡ್ತಿದ್ದಿದ್ದು ಹಾಡಲ್ಲಿ ಮಾತ್ರ, ಅಜ್ಜಿ ಫೋನಲ್ಲಿ ಹೇಳಿಕೊಟ್ಟ ಹಾಡುಗಳು. ಹುಟ್ಟುಹಬ್ಬಕ್ಕೆ ಯಾರೋ ಒಂದು ಬಣ್ಣಬಣ್ಣದ ಉಕುಲೆಲೆ ಕೊಟ್ರು. ಅದನ್ನ ಹಿಡ್ಕೊಂಡು ಒಂದು ಕ್ಲಾಸಿಗೆ ಹೋದ್ಲು. ಎರಡು ತಿಂಗಳಾದ ಮೇಲೆ ಅಲ್ಲಿನ ಮೇಷ್ಟ್ರು, ಬೇಬಿಗೆ ಸುರ್ ನಿಲ್ತಿಲ್ಲ, ಡ್ರಾಯಿಂಗಿಗೆ ಹಾಕಿ ನೋಡಿ ಅಂದ್ರು. ಅವತ್ತಿಂದ ಅವಳು ಹಾಡೋದನ್ನೂ ನಿಲ್ಲಿಸಿದ್ಲು. ವಾದ್ಯ ಹೋದ್ರೆ ಹೋಗ್ಲಿ. ಹಾಡೂ ಹೋದ್ರೆ ನಮ್ಮ ಮನೇಲಿ ಉಳಿಯೋ ಕನ್ನಡ ‘ಊಟ ಮಾಡು, ಫ್ಯಾನ್ ಆಫ್ ಮಾಡು’ ಅಷ್ಟೇ.

ಒಂದು ಭಾನುವಾರ ಆ ವಾದ್ಯಕ್ಕೆ ಫೋನಿನ ಟ್ಯೂನರ್ ಆ್ಯಪ್ ಹಿಡಿದು ನೋಡಿದೆ. ಬಿಟ್ಟ ತಂತಿಗಳು ಸರಿಯಾಗಿದ್ವು. ಮೊದಲನೇ ಫ್ರೆಟ್ ಒತ್ತಿದ ತಕ್ಷಣ ಸ್ವರ 28 ಸೆಂಟ್ ಮೇಲಕ್ಕೆ ಹಾರ್ತಿತ್ತು. ಪಕ್ಕದ ಎರಡು ಮನೆಗಳ ನಡುವಿನ ಅಂತರ, ಅಂದ್ರೆ ಹಾರ್ಮೋನಿಯಂನಲ್ಲಿ ಬಿಳಿ ಕೀಯಿಂದ ಪಕ್ಕದ ಕಪ್ಪು ಕೀಗೆ ಇರೋ ದೂರ, 100 ಸೆಂಟ್. ಅದರ ಕಾಲು ಭಾಗಕ್ಕಿಂತ ಜಾಸ್ತಿ ಅಪಶ್ರುತಿ. ಮಗು ಶ್ರುತಿಗೆ ಸರಿಯಾಗೇ ಹಾಡ್ತಿತ್ತು, ಅದಕ್ಕೇ ವಾದ್ಯದ ಜೊತೆ ಕೂಡ್ತಿರಲಿಲ್ಲ.

ಇದು ಯಾಕಾಗತ್ತೆ ಅಂದ್ರೆ, ತಲೆಯ ಹತ್ತಿರ ತಂತಿ ಕೂರೋ ಬಿಳಿ ಪಟ್ಟಿ ಇದೆ ನೋಡಿ, ನಟ್ ಅಂತಾರೆ. ಅಗ್ಗದ ವಾದ್ಯಗಳಲ್ಲಿ ಅದರ ಗಾಡಿಯನ್ನ ಆಳವಾಗಿ ಕೊರೆದಿರಲ್ಲ. ತಂತಿ ಎತ್ತರದಲ್ಲಿ ನಿಂತಿರತ್ತೆ, ಒತ್ತಿದಾಗ ಎಳೆದ ಹಾಗಾಗಿ ಸ್ವರ ಏರತ್ತೆ. ಸೊಪ್ರಾನೊದಲ್ಲಿ ನಟ್‌ನಿಂದ ಮೊದಲ ಫ್ರೆಟ್‌ಗೆ ಇರೋದೇ 19 ಮಿ.ಮೀ. ಚಿಲ್ಲರೆ, ಹಾಗಾಗಿ ಏಟು ಜೋರು. ಫ್ರೆಟ್ ಕೂರಿಸೋದರಲ್ಲೂ ಅದೇ ಕಥೆ. ಗಿಟಾರಿನ ತಂತಿ 648 ಮಿ.ಮೀ., ಸೊಪ್ರಾನೊದ್ದು ಸುಮಾರು 345. ಹನ್ನೆರಡನೇ ಫ್ರೆಟ್ 1 ಮಿ.ಮೀ. ಆಚೀಚೆ ಆದ್ರೆ ಗಿಟಾರಿನಲ್ಲಿ 5 ಸೆಂಟ್ ತಪ್ಪು, ಇದರಲ್ಲಿ 10 ಸೆಂಟ್. ಚಿಕ್ಕ ವಾದ್ಯಕ್ಕೆ ದೊಡ್ಡ ವಾದ್ಯಕ್ಕಿಂತ ನಿಖರತೆ ಜಾಸ್ತಿ ಬೇಕು. ಅಂಗಡಿಯವರು ಮಾತ್ರ ಇದನ್ನ ಆಟಿಕೆಗಳ ಪಕ್ಕ ನೇತು ಹಾಕಿರ್ತಾರೆ.

ನಮ್ಮ ಕಿವಿಗೆ ಇದು ಇನ್ನೂ ಬೇಗ ಗೊತ್ತಾಗತ್ತೆ. ಉಕುಲೆಲೆಯ ತಂತಿಗಳು ಜಿ, ಸಿ, ಇ, ಎ. ಸಿ ಅನ್ನ ಷಡ್ಜ ಅಂದ್ಕೊಂಡ್ರೆ ಪ, ಸ, ಗ, ದ. ಇದಕ್ಕೆ ರಿ ಒಂದು ಸೇರಿಸಿ, ಮೋಹನ ರಾಗ ಆಯ್ತು! ಆ ರಿ ಸಿಗೋದು ಸಿ ತಂತಿಯ ಎರಡನೇ ಫ್ರೆಟ್‌ನಲ್ಲಿ, ಮೇಲಿನ ಸ ಎ ತಂತಿಯ ಮೂರನೇದರಲ್ಲಿ. ಪೋರ್ಚುಗಲ್‌ನ ಮಡೈರಾ ದ್ವೀಪದ ಬಡಗಿಗಳು 1879ರಲ್ಲಿ ಹಡಗು ಹತ್ತಿ ಹವಾಯಿಗೆ ವಲಸೆ ಹೋದಾಗ ಅವರ ಜೊತೆ ಹೋದ ಪುಟ್ಟ ವಾದ್ಯದಿಂದ ಇದು ಹುಟ್ಟಿದ್ದು. ಅವರಿಗೆ ಮೋಹನ ಗೊತ್ತಿರಲಿಲ್ಲ, ಆದ್ರೂ ನಮಗೆ ಅನುಕೂಲ ಮಾಡಿಟ್ಟು ಹೋಗಿದ್ದಾರೆ.

ಈಗ ಖರೀದಿ. ಅಂಗಡಿಗೆ ಹೋಗುವಾಗ ಟ್ಯೂನರ್ ಆ್ಯಪ್ ಮತ್ತು ಅಕ್ಷರ ಉಬ್ಬಿರದ ನಾಲ್ಕು ಎಟಿಎಂ ಕಾರ್ಡ್ ತಗೊಂಡು ಹೋಗಿ. ಒಂದು ಕಾರ್ಡ್ 0.76 ಮಿ.ಮೀ. ದಪ್ಪ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಕೆಳಗೆ ಮೂರು ಕಾರ್ಡ್ ತೂರಬೇಕು. ನಾಲ್ಕೂ ಸಲೀಸಾಗಿ ತೂರಿದ್ರೆ ತಂತಿ ಎತ್ತರ ಜಾಸ್ತಿ, ಮಗುವಿನ ಬೆರಳು ನೋಯತ್ತೆ. ಆಮೇಲೆ ಮೂರನೇ ಫ್ರೆಟ್ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲೆ ಕಣ್ಣಿಡಿ. ತಂತಿಗೂ ಫ್ರೆಟ್‌ಗೂ ನಡುವೆ ಒಂದು ಕಾಗದ ಹೋಗೋಷ್ಟು ಸಂದಿ ಸಾಕು. ಆಮೇಲೆ ಆ್ಯಪ್ ಹಾಕಿ ನಾಲ್ಕು ತಂತಿಯ ಮೇಲೂ ಒಂದು, ಮೂರು, ಹನ್ನೆರಡನೇ ಫ್ರೆಟ್ ಒತ್ತಿ ನೋಡಿ. 10 ಸೆಂಟ್ ಒಳಗಿದ್ರೆ ನಾನು ಒಪ್ತೀನಿ. ಅಹಮದಾಬಾದ್‌ನ ಅಂಗಡಿಯವರು ನನ್ನನ್ನ ನೋಡಿ, ‘ಭಾಯ್, ಬಚ್ಚೋಂ ಕೆ ಲಿಯೇ ಹೈ ನಾ, ಇತನಾ ಕ್ಯಾ?’ ಅಂದ್ರು. ನಾಲ್ಕನೇ ಪೀಸ್ ತೆಗೆಸುವಷ್ಟರಲ್ಲಿ ಅವರಿಗೇ ಕುತೂಹಲ ಹುಟ್ಟಿ, ಆ್ಯಪ್ ಹೆಸರು ಕೇಳಿ ತಮ್ಮ ಫೋನಿಗೂ ಹಾಕ್ಕೊಂಡ್ರು.

ಮರದ ವಿಷಯಕ್ಕೆ ಬರೋಣ. ಇಂಟರ್ನೆಟ್ ತುಂಬಾ ಸಾಲಿಡ್ ವುಡ್ ತಗೊಳ್ಳಿ ಅಂತಾರೆ. ನಾದ ಚೆನ್ನಾಗಿರತ್ತೆ, ನಿಜ. ಆದ್ರೆ ಅದು ಬಯಸೋದು 45ರಿಂದ 55 ಶೇಕಡಾ ಆರ್ದ್ರತೆ. ಅಹಮದಾಬಾದ್‌ನ ಮೇ ತಿಂಗಳು ನೆನಪಿಸಿಕೊಳ್ಳಿ, 44 ಡಿಗ್ರಿ, ತುಟಿ ಒಡೆಯೋ ಒಣಗಾಳಿ. ತುಟಿ ಒಡೆಯೋ ಕಡೆ ತೆಳು ಹಲಗೆನೂ ಒಡೆಯತ್ತೆ. ಸೂರತ್ ಸಮುದ್ರದ ಪಕ್ಕದ ಊರು, ಮಳೆಗಾಲದಲ್ಲಿ ಅಲ್ಲಿ ಮರ ಉಬ್ಬತ್ತೆ. ಈ ಎರಡು ಊರಿನ ನಡುವೆ ರೈಲಲ್ಲಿ ಓಡಾಡೋ ನಮ್ಮಂಥವರಿಗೆ ಲ್ಯಾಮಿನೇಟೇ ಸರಿ, ಅಂದ್ರೆ ಪದರ ಪದರ ಅಂಟಿಸಿದ ಮರ. ಈ ಬಜೆಟ್‌ನಲ್ಲಿ ‘ಸಾಲಿಡ್’ ಅಂತ ಬರೆದಿದ್ರೆ ಬೇರೆ ಎಲ್ಲೋ ದುಡ್ಡು ಉಳಿಸಿರ್ತಾರೆ ಅಂತ ನನ್ನ ಗುಮಾನಿ. ಕಾಲಾ ಕಂಪನಿಯ ಕೆಎ-15ಎಸ್ ಥರದ ಮಹಾಗನಿ ಲ್ಯಾಮಿನೇಟ್ ನೋಡಬಹುದು. ಎನ್ಯಾದವರ ನೋವಾ ಯು ಮಿನಿ ಪಾಲಿಕಾರ್ಬೊನೇಟ್‌ದು, ಹವೆಗೆ ಜಗ್ಗಲ್ಲ. ನಾದ ನನಗೆ ಅಷ್ಟು ಹಿಡಿಸಲಿಲ್ಲ, ಹಾಸ್ಟೆಲ್ ಹುಡುಗರಿಗೆ ಪರವಾಗಿಲ್ಲ. ಒಂದೇ ಮಾಡೆಲ್‌ನ ಎರಡು ಪೀಸ್ ಎರಡು ಥರ ಇರತ್ತೆ, ಆದ್ದರಿಂದ ಆನ್‌ಲೈನ್‌ನಲ್ಲಿ ತಗೊಂಡ್ರೆ ವಾಪಸ್ ಮಾಡೋ ಅವಧಿ ಮುಗಿಯೋ ಮುಂಚೆ ಕಾರ್ಡ್ ಪರೀಕ್ಷೆ ಮುಗಿಸಿ.

ಕಿವಿಗಳಲ್ಲಿ ಗೇರ್ ಇರೋದನ್ನೇ ಆರಿಸಿ. ಬರೀ ಘರ್ಷಣೆಯಿಂದ ನಿಲ್ಲೋ ಕಿವಿಗಳು ಮಕ್ಕಳ ಕೈಲಿ ಜಾರ್ತಾನೇ ಇರತ್ತೆ.

ನಾನು 5,400ಕ್ಕೆ ಒಂದು ಮಹಾಗನಿ ಲ್ಯಾಮಿನೇಟ್ ತಂದೆ. ಎಲ್ಲ ಚೆನ್ನಾಗಿತ್ತು, ಸಿ ತಂತಿಯ ನಟ್ ಗಾಡಿ ಒಂದು ಕೂದಲು ಎತ್ತರ. ಕೆಲಸದ ಮೇಲೆ ವಡೋದರಾಕ್ಕೆ ಹೋದಾಗ ಅಲ್ಲೊಬ್ಬ ಸಿತಾರ್ ರಿಪೇರಿ ಮಾಡೋ ಹಿರಿಯರ ಹತ್ತಿರ ಕೊಟ್ಟೆ. ಸಿತಾರಿನ ಸೇತುವೆಯ ಮೇಲ್ಮೈ ತಿದ್ದೋದಕ್ಕೆ ಅವರು ಜವಾರಿ ಅಂತಾರೆ. ನಮ್ಮ ಜವಾರಿ ಕೋಳಿಗೂ ಅದಕ್ಕೂ ಸಂಬಂಧ ಇಲ್ಲ, ಆದ್ರೆ ಹುಬ್ಬಳ್ಳಿಯವನಾದ ನನಗೆ ಆ ಮಾತು ಕೇಳಿ ನಗು ಬಂತು. ಉಕುಲೆಲೆ ಅವರು ಮುಟ್ಟಿದ್ದೇ ಮೊದಲು. ಹತ್ತು ನಿಮಿಷ ಸಣ್ಣ ಅರ ಆಡಿಸಿ, 200 ರೂಪಾಯಿ ತಗೊಂಡು, 19 ಸೆಂಟ್ ಇದ್ದಿದ್ದನ್ನ 6ಕ್ಕೆ ಇಳಿಸಿದ್ರು. ವಡೋದರಾದಲ್ಲಿ ಇಂಥ ಕೈಗಳಿರೋದು ಆಶ್ಚರ್ಯ ಅಲ್ಲ. 1886ರಲ್ಲಿ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ ಅಲ್ಲಿ ಗಾಯನಶಾಲೆ ಶುರು ಮಾಡಿದ ಮೌಲಾಬಕ್ಷ್, ಅದಕ್ಕೂ ಮುಂಚೆ ನಮ್ಮ ಮೈಸೂರು ಆಸ್ಥಾನಕ್ಕೆ ಬಂದು ಕರ್ನಾಟಕ ಸಂಗೀತ ಕಲಿತು ಹೋದವರು. ಆ ಶಾಲೆನೇ ಈಗಿನ ಎಂ.ಎಸ್. ವಿಶ್ವವಿದ್ಯಾಲಯದ ಸಂಗೀತ ವಿಭಾಗದ ಬೇರು.

ಮಗಳಿಗೆ ಯಾವ ಭಾಷಣವನ್ನೂ ಮಾಡಲಿಲ್ಲ. ಹಳೇದು, ಹೊಸದು ಎರಡನ್ನೂ ಮುಂದಿಟ್ಟು ಆ್ಯಪ್ ಅವಳ ಕೈಗೇ ಕೊಟ್ಟೆ. ಹಳೇದರ ಮುಳ್ಳು ಹಾರೋದನ್ನ ಎರಡು ಮೂರು ಸಲ ನೋಡಿದ್ಲು. ‘ಪಪ್ಪಾ, ಇದು ಸುಳ್ಳು ಹೇಳತ್ತೆ’ ಅಂದ್ಲು, ಕನ್ನಡದಲ್ಲೇ. ಹಾಡು ವಾಪಸ್ ಬರೋಕೆ ಮಾತ್ರ ಇನ್ನೂ ಮೂರು ವಾರ ಹಿಡೀತು. ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ಸರಿಗಪದಸ ನುಡಿಸಿ ತೋರಿಸೋವಾಗ, ಅಜ್ಜಿ ಆ ಕಡೆಯಿಂದ ಹಾಡೋಕೆ ಶುರು ಮಾಡಿದ್ರು, ಇವಳು ಸೇರ್ಕೊಂಡ್ಲು. ನೆಟ್‌ವರ್ಕ್ ಅರ್ಧ ಸೆಕೆಂಡ್ ಹಿಂದೆ ಇತ್ತು, ತಾಳ ಕೂಡಲಿಲ್ಲ, ಯಾರೂ ನಿಲ್ಲಿಸಲಿಲ್ಲ.

ಇನ್ನೆರಡು ಮಾತು. ಹೊಸ ತಂತಿ ಒಂದು ವಾರ ಹಿಗ್ಗತ್ತೆ, ದಿನಕ್ಕೆ ನಾಲ್ಕು ಸಲ ಶ್ರುತಿ ಮಾಡಬೇಕು, ಅದನ್ನ ದೋಷ ಅಂತ ತಿಳಿದು ವಾಪಸ್ ಕಳಿಸಬೇಡಿ. ಏಪ್ರಿಲ್‌ನಿಂದ ಜೂನ್‌ವರೆಗೆ ನಿಲ್ಲಿಸಿದ ಕಾರಿನಲ್ಲಿ ವಾದ್ಯ ಬಿಡಬೇಡಿ. ಲ್ಯಾಮಿನೇಟ್ ಆದ್ರೂ ಒಳಗಿನ ಅಂಟು ಬಿಸಿಗೆ ಮೆತ್ತಗಾಗಿ ಬ್ರಿಡ್ಜ್ ಕಿತ್ಕೊಂಡು ಬರತ್ತೆ. ಊರಿಗೆ ಹೋಗುವಾಗ ವಿಮಾನದಲ್ಲಿ 55 ಸೆಂ.ಮೀ. ಕ್ಯಾಬಿನ್ ಮಿತಿಗೆ ವಾದ್ಯ ಸರಿಹೋಗತ್ತೆ, ಅದರ ದಪ್ಪ ಚೀಲ ಹೋಗಲ್ಲ. ನಾವು ಟವೆಲ್ ಸುತ್ತಿ ಒಯ್ತೀವಿ. ಈಗ ಪ್ರಶ್ನೆಗಳಿದ್ರೆ ಕೇಳಿ.