ಹಾಡಿನ ಗಳಿಕೆಯಲ್ಲಿ ಯಾರ ಪಾಲೆಷ್ಟು?



1960ರ ದಶಕದಲ್ಲಿ ಲತಾ ಮಂಗೇಶ್ಕರ್ ಮತ್ತು ಮೊಹಮ್ಮದ್ ರಫಿ ಕೆಲವು ವರ್ಷ ಜೊತೆಯಾಗಿ ಹಾಡಲೇ ಇಲ್ಲ. ಮನಸ್ತಾಪಕ್ಕೆ ಕಾರಣ ರಾಯಧನ. ಗಾಯಕರಿಗೂ ಅದು ಸಲ್ಲಬೇಕೆಂದು ಲತಾ ಪಟ್ಟು ಹಿಡಿದರು. ಸಂಭಾವನೆ ಕೈಸೇರಿದ ಮೇಲೆ ಲೆಕ್ಕ ಮುಗಿಯಿತು ಎಂಬುದು ರಫಿಯವರ ನಿಲುವು. ಅದು ದೊಡ್ಡ ಮನಸ್ಸಿನ ಮಾತು, ಒಪ್ಪುತ್ತೇನೆ. ಆದರೆ ನ್ಯಾಯ ಲತಾ ಅವರ ಕಡೆಗಿತ್ತು. ಧ್ವನಿಮುದ್ರಣದ ದಿನ ಹಾಡಿನ ಬೆಲೆ ಯಾರಿಗೂ ತಿಳಿದಿರುವುದಿಲ್ಲ. ಅದು ರೇಡಿಯೊದಲ್ಲಿ, ಹೋಟೆಲುಗಳಲ್ಲಿ, ಮೊಬೈಲಿನಲ್ಲಿ ದಶಕಗಟ್ಟಲೆ ದುಡಿಯುತ್ತಲೇ ಇದ್ದರೆ, ಒಂದು ದಿನದ ಸಂಭಾವನೆ ಆ ದುಡಿಮೆಗೆಲ್ಲ ಸಮನಾದೀತೆ?

ಹಾಡು ಬರೆದವರ ಪಾಡೂ ಬೇರೆಯಾಗಿರಲಿಲ್ಲ. ನಿರ್ಮಾಪಕ ಹಣ ಕೊಟ್ಟು ಮಾಡಿಸಿದ ಹಾಡಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಅವನೇ ಒಡೆಯ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಡುವವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲವಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದೇ ತೀರ್ಪಿನಲ್ಲಿ ಮರುಗಿದ್ದರು. ಗಾಯಕರಿಗೆ ಹಕ್ಕು ಸಿಕ್ಕಿದ್ದು 1994ರಲ್ಲಿ. ಗೀತರಚನೆಕಾರ ಜಾವೇದ್ ಅಖ್ತರ್ ಅವರಂಥವರು ಹೋರಾಡಿದ್ದರಿಂದ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆ ಮತ್ತೆ ತಿದ್ದುಪಡಿಯಾಯಿತು. ಈಗ ಕವಿಯಾಗಲಿ ಸಂಯೋಜಕರಾಗಲಿ ತಮ್ಮ ರಾಯಧನವನ್ನು ಕಂಪನಿಗೆ ಬಿಟ್ಟುಕೊಟ್ಟೆವೆಂದು ಸಹಿ ಹಾಕಿದರೂ ಆ ಮಾತು ನಿಲ್ಲದು. ಹಕ್ಕು ಕೊಂಡವರೊಡನೆ ಸಮಪಾಲು ಅವರಿಗೆ ಬರಲೇಬೇಕು. ಇದು ಚಿತ್ರಗೀತೆಗೆ ಮಾತ್ರವಲ್ಲ, ಭಾವಗೀತೆಯ ಧ್ವನಿಮುದ್ರಿಕೆಗೂ ಅನ್ವಯಿಸುತ್ತದೆ.

ಇನ್ನು ಕವಿ, ಸಂಯೋಜಕ, ಗಾಯಕರೊಳಗಿನ ಹಂಚಿಕೆ. 1978ರ 'ನಿತ್ಯೋತ್ಸವ' ಕ್ಯಾಸೆಟ್ಟನ್ನೇ ನೋಡಿ. ನಿಸಾರ್ ಅಹಮದರ ಕವಿತೆಗಳು ರಾಗ ಸಂಯೋಜನೆಗೆ ಮೊದಲೇ ಪೂರ್ಣವಾಗಿದ್ದವು. ಅವು ಮನೆಮನೆಯ ಮಾತಾದದ್ದು ಮೈಸೂರು ಅನಂತಸ್ವಾಮಿಯವರ ರಾಗದಿಂದ. ಇಬ್ಬರಲ್ಲಿ ಯಾರದು ಹೆಚ್ಚು ಎಂದು ತೂಗುವ ತಕ್ಕಡಿ ಇಲ್ಲ, ಸಮಪಾಲೇ ಸರಿ. ಮುದ್ರಿಸಿದ ಹಾಡು ಗಳಿಸಿದಾಗಲೆಲ್ಲ ಗಾಯಕರಿಗೆ ಪಾಲಿರಬೇಕು, ಆದರೆ ಅದು ಕಂಪನಿಯ ಭಾಗದಿಂದ ಬರಲಿ, ಕವಿಯ ತಟ್ಟೆಯಿಂದಲ್ಲ. ವೇದಿಕೆಯ ಹಾಡಿಕೆಗೆ ಗಾಯಕರು ಸಂಭಾವನೆ ಪಡೆಯುತ್ತಾರೆ. ಅಲ್ಲಿ ಸಂಘಟಕರು ಕವಿಗೂ ಸಂಯೋಜಕರಿಗೂ ರಾಯಧನ ಕಟ್ಟಬೇಕು. 2017ರಲ್ಲಿ ಇಂಥ ವೇದಿಕೆಯ ಹಾಡಿಕೆಯ ವಿಚಾರವಾಗಿಯೇ ಸಂಯೋಜಕ ಇಳಯರಾಜ ಅವರು ಗಾಯಕ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ನೋಟಿಸ್ ಕಳಿಸಿದಾಗ ನಮ್ಮೆಲ್ಲರ ಮನಸ್ಸು ನೊಂದಿತು. ಆ ಚರ್ಚೆಯೆಲ್ಲ ಇಬ್ಬರು ದಿಗ್ಗಜರ ಸ್ನೇಹದ ಸುತ್ತಲೇ ತಿರುಗಿತು. ಗೀತರಚನೆಕಾರರ ಪಾಲಿನ ಮಾತು ಅದರಲ್ಲಿ ಮುಳುಗಿಹೋಯಿತು.

ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಚಿ. ಉದಯಶಂಕರ್ ಅಗಲಿದ್ದು 1993ರಲ್ಲಿ; ಅವರ ಸಾಹಿತ್ಯದ ಹಕ್ಕು 2053ರವರೆಗೆ ಜೀವಂತ. ಆದರೆ ಎಷ್ಟೋ ಆ್ಯಪ್‌ಗಳಲ್ಲಿ ಹಾಡಿನ ಕೆಳಗೆ ಗಾಯಕರ ಹೆಸರಿರುತ್ತದೆ, ಬರೆದವರದು ಇರುವುದಿಲ್ಲ. ದಾಖಲೆಯಲ್ಲೇ ಹೆಸರಿಲ್ಲದವರಿಗೆ ಹಣ ತಲುಪುವುದಾದರೂ ಹೇಗೆ?

ಇಲ್ಲಿ ಕವಿಗಳ, ಸಂಯೋಜಕರ ಮಕ್ಕಳು ಇದ್ದರೆ ನನ್ನದೊಂದು ಕೋರಿಕೆ. ಹಿರಿಯರ ಹಾಡುಗಳ ಪಟ್ಟಿ ಮಾಡಿ, ಹಳೆಯ ಒಪ್ಪಂದಪತ್ರಗಳನ್ನು ಹುಡುಕಿಡಿ, ರಾಯಧನ ಸಂಗ್ರಹಿಸಿ ಹಂಚುವ, 1969ರಿಂದಲೂ ಇರುವ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ವಾರಸುದಾರರಾಗಿ ನೋಂದಾಯಿಸಿಕೊಳ್ಳಿ. ಗಾಯಕ ಮಿತ್ರರೇ, ಮುಂದಿನ ಧ್ವನಿಮುದ್ರಣಕ್ಕೆ ಸಹಿ ಹಾಕುವ ಮುನ್ನ ಬರೆದವರ ಹೆಸರು ಪತ್ರದಲ್ಲಿ ಇದೆಯೇ ಎಂದು ದಯವಿಟ್ಟು ನೋಡಿ.